ಆಸ್ಬರ್ನ್ ಅರಮನೆಯಲ್ಲಿಯ ಗೌರಮ್ಮನ ಚಿತ್ರಪಟ

ಇಂಗ್ಲಂಡದ ದಕ್ಷಿಣ ತೀರಕ್ಕೆ ಸಮೀಪವಾಗಿ ವೈಟ್ ಎಂಬ ಚಿಕ್ಕ ದ್ವೀಪವೊಂದಿರುವದು. ಅಲ್ಲಿ ವಿಕ್ಟೋರಿಯಾ ರಾಣಿಯು 1845ರಲ್ಲಿ ಕೊಂಡು ಹೊಸದಾಗಿ ಕಟ್ಟಿಸಿದ ಆಸ್ಬರ್ನ್ ಎಂಬ ವಿಹಾರಭವನವಿದೆ. ಆಕೆ ತೀರಿಕೊಂಡದ್ದೂ (1901) ಅದೇ ಮನೆಯಲ್ಲಿ. ಮರುವರುಷ ಆಕೆಯ ಮಗನಾದ ಏಳನೆಯ ಎಡ್ವರ್ಡನು ಆ ಭವನವನ್ನು ರಾಷ್ಟ್ರಕ್ಕೆ ಒಪ್ಪಿಸಿದನು. ಈಗ ಅದು ಸರ್ವರಿಗೂ ದರ್ಶನೀಯವಾದ ಐತಿಹಾಸಿಕ ಗೃಹವಾಗಿದೆ. ಅಲ್ಲಿಯ ಭಾರತೀಯ ಚಿತ್ರಗಳ ಸಮೂಹದಲ್ಲಿ ಆಭರಣಭೂಷಿತೆಯಾದ, ಕೈಯಲ್ಲಿ ಪುಸ್ತಕವನ್ನು ಹಿಡಿದ, ಹನ್ನೊಂದು ವರ್ಷದ ಬಾಲಿಕೆಯೊಬ್ಬಳ ತೈಲಚಿತ್ರವು ಕಾಣಬರುತ್ತದೆ. ಈಕೆಯೇ ಕೊಡಗಿನ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. ಚಿತ್ರವನ್ನು ಬರೆದವನು ಫ್ರಾಂಜ್ ಕ್ಸಾವರ್ ವಿಂಟರ್‌ಹಾಲ್ಟರ್. ಬರೆದ ವರ್ಷ 1852. ಬರೆಯಿಸಿದವಳು ವಿಕ್ಟೋರಿಯಾ ರಾಣಿ.

ಕನ್ನಡ ರಾಜಮನೆತನವೊಂದರ ಕುಮಾರಿಯ ಚಿತ್ರವು ಐರೋಪ್ಯ ರಾಜಗೃಹದಲ್ಲಿರುವದು ವಿರಳವಾದ ಸಂಗತಿಯಾದ್ದರಿಂದ, ನಮ್ಮ ಲೇಖಕರೂ ಅಧ್ಯಾಪಕರೂ ಅದರ ಪ್ರತಿಯನ್ನು ಆಗಾಗ ಬಳಸಿಕೊಳ್ಳುವದು ಸಹಜವೇ ಆಗಿದೆ. ಆದರೆ ಹಾಗೆ ಬಳಸುವಾಗ ಎರಡು ಪ್ರಮಾದಗಳಿಗೆ ಎಡೆಯಾಗುತ್ತದೆ. ಮೊದಲನೆಯದು ಹೆಸರಿನ ಪ್ರಮಾದ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ (1956) ಕಾದಂಬರಿಯಲ್ಲಿ ಅರಸನ ಪಟ್ಟದ ರಾಣಿಯ ಹೆಸರು ಗೌರಮ್ಮ. ಕಾದಂಬರಿಯನ್ನೋದಿದ ವಿದ್ಯಾರ್ಥಿಯು ಈ ಪಟವನ್ನು ಕಂಡು ಇವಳೇ ಆ ಮಹಾಸಾಧ್ವಿಯಾದ ರಾಣಿಯೆಂದು ತಿಳಿದರೆ ಅವನ ತಪ್ಪೇನೂ ಇಲ್ಲ. ತಿಳಿಸಿ ಹೇಳದ ಗುರುವಿನದೇ ತಪ್ಪು. ಪಟದಲ್ಲಿರುವವಳು ರಾಣಿಯಲ್ಲ, ಮಗಳು. ಎರಡನೆಯ ಪ್ರಮಾದವು ಇದಕ್ಕಿಂತ ಸೂಕ್ಷ್ಮವಾದದ್ದು: ಪಟದಲ್ಲಿ ಕಂಡದ್ದನ್ನೆಲ್ಲ ಕೊಡಗಿನ ಅರಮನೆಯ ವೇಷಭೂಷಣಗಳಿಗೆ ಪ್ರತ್ಯಕ್ಷಪ್ರಮಾಣವೆಂದು ಹಿಡಿಯುವದು. ಈ ಎರಡನೆಯದರ ವಿಚಾರವೇ ಇಲ್ಲಿ ಮುಖ್ಯವಾಗಿರುವದು.

ಹಾಲೇರಿಯ ಅರಸರು ಕೊಡವ ಕುಲದವರಲ್ಲ. ಇಕ್ಕೇರಿಯ ನಾಯಕರ ಮನೆತನದ ಶಾಖೆಯೆಂದು ಪ್ರಸಿದ್ಧರಾದ ವೀರಶೈವರು. ಅವರ ಆಸ್ಥಾನದ ಬರೆಹವು ಕನ್ನಡದಲ್ಲಿಯೇ ನಡೆಯುತ್ತಿತ್ತು. ದೊಡ್ಡವೀರರಾಜೇಂದ್ರನು ತನ್ನ ವಂಶದ ಚರಿತ್ರೆಯನ್ನು, 1633ರಿಂದ 1807ರ ವರೆಗಿನ ವೃತ್ತಾಂತವನ್ನು, ‘ರಾಜೇಂದ್ರನಾಮೆ’ಯೆಂಬ ಕನ್ನಡ ಗದ್ಯಗ್ರಂಥವಾಗಿ ಬರೆಯಿಸಿದನು. 1808ರಲ್ಲಿಯೇ ಅದು ಇಂಗ್ಲಿಷಿಗೂ ಪರಿವರ್ತಿತವಾಯಿತು. ಅಂದರೆ ಅನ್ಯರ ಮುಂದೆ ತನ್ನ ಮನೆತನದ ಸ್ವರೂಪವು ಹೇಗೆ ತೋರಬೇಕೆಂಬುದನ್ನು ಆ ಅರಸನು ತಾನೇ, ತನ್ನ ಭಾಷೆಯಲ್ಲಿಯೇ, ನಿರ್ಣಯಿಸಿದ್ದನು. ಅವನು 1809ರಲ್ಲಿ ತೀರಿಕೊಂಡನು. ಮಗಳು ದೇವಮ್ಮಾಜಿಯ ಅಲ್ಪಕಾಲದ ಆಳಿಕೆಯ ತರುವಾಯ ತಮ್ಮನಾದ ಲಿಂಗರಾಜೇಂದ್ರನೂ, 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರನೂ ಪಟ್ಟವೇರಿದರು. 1834ರ ಎಪ್ರಿಲಿನಲ್ಲಿ ಕಂಪನಿಯ ಸೈನ್ಯವು ಮಡಿಕೇರಿಯನ್ನು ಹೊಕ್ಕಿತು. ಮೇ 7ರಂದು ಕರ್ನಲ್ ಫ್ರೇಜರನು ಕೊಡಗು ಕಂಪನಿಯ ಆಡಳಿತಕ್ಕೆ ಸೇರಿತೆಂದು ಸಾರಿದನು. ಪದಚ್ಯುತನಾದ ಅರಸನನ್ನು ವೇಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿದರು. ಅವನ ಕ್ರೌರ್ಯದ ಕಥೆಗಳು ಎಷ್ಟು ನಿಜ, ಗೆದ್ದವರ ಲೇಖನಿಯಿಂದ ಎಷ್ಟು ಬೆಳೆದವು ಎಂಬ ವಾದವು ಪ್ರಸ್ತುತಕ್ಕೆ ಬೇಡ. ಪ್ರಸ್ತುತಕ್ಕೆ ಬೇಕಾದದ್ದು ಇಷ್ಟೇ: ಗೌರಮ್ಮನು ಹುಟ್ಟಿದ್ದು 1841ರಲ್ಲಿ, ರಾಜ್ಯವು ಹೋದ ಏಳು ವರ್ಷಗಳ ಮೇಲೆ, ಕಾಶಿಯ ನಿರ್ಬಂಧವಾಸದಲ್ಲಿ. ಮಡಿಕೇರಿಯ ಅರಮನೆಯ ಓಲಗವು ಆಕೆಯ ಪಾಲಿಗೆ ಕೇಳಿದ ಕಥೆಯೇ ಹೊರತು ಕಂಡ ದೃಶ್ಯವಲ್ಲ.

1852ರಲ್ಲಿ ಅರಸನು ಮಗಳನ್ನು ಕರೆದುಕೊಂಡು ಇಂಗ್ಲಂಡಕ್ಕೆ ಹೋದನು. ಕಂಪನಿಯ ಕೈಯಲ್ಲಿ ಸಿಕ್ಕಿದ್ದ ತನ್ನ ಮನೆತನದ ಹಣವನ್ನು ನ್ಯಾಯದಿಂದ ಹಿಂದಕ್ಕೆ ಪಡೆಯಬೇಕೆಂಬುದು ಅವನ ಉದ್ದೇಶ. ಮಗಳನ್ನು ರಾಣಿಯ ಆಶ್ರಯದಲ್ಲಿಟ್ಟು ಕ್ರೈಸ್ತ ಮತದಲ್ಲಿ ಬೆಳೆಸಲು ಅವನು ಒಪ್ಪಿದನು. ಅದೇ ವರ್ಷದ ಬೇಸಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ದೇವಮಂದಿರದಲ್ಲಿ ಕ್ಯಾಂಟರ್ಬರಿಯ ಪ್ರಧಾನ ಧರ್ಮಾಧ್ಯಕ್ಷನು ಬಾಲಿಕೆಗೆ ದೀಕ್ಷಾಸ್ನಾನವನ್ನು ಮಾಡಿಸಿದನು. ವಿಕ್ಟೋರಿಯಾ ರಾಣಿಯು ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ಅಂದಿನಿಂದ ಗೌರಮ್ಮನು ವಿಕ್ಟೋರಿಯಾ ಗೌರಮ್ಮಳಾದಳು. ತಂದೆಯ ವ್ಯಾಜ್ಯವೋ, ವರ್ಷಗಟ್ಟಲೆ ನಡೆಯಿತು. 1859ರಲ್ಲಿ ಅವನು ಲಂಡನ್ನಿನಲ್ಲಿಯೇ ಕಾಲವಾದನು. ತೀರ್ಪು ಬಂದದ್ದು ಮರುವರುಷ. ಮಗಳನ್ನು ಕೊಟ್ಟದ್ದು ಕೂಡಲೆ ಆಯಿತು, ಹಣದ ಮಾತು ಕಡೆಯ ತನಕ ಆಗಲಿಲ್ಲ.

ಚಿತ್ರವು ಈ ಸಂದರ್ಭದಲ್ಲಿ, ಈ ವರ್ಷದಲ್ಲಿಯೇ, ಬರೆಯಲ್ಪಟ್ಟದ್ದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ನೋಡತಕ್ಕದ್ದು. ಚಿತ್ರಕಾರನು ಸಾಮಾನ್ಯನಲ್ಲ. 1805ರಲ್ಲಿ ಜರ್ಮನಿಯ ಕರಿಕಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ವಿಂಟರ್‌ಹಾಲ್ಟರನು ಯುರೋಪಿನ ಅನೇಕ ಅರಸುಮನೆಗಳಿಗೆ ಚಿತ್ರಗಳನ್ನು ಬರೆದುಕೊಟ್ಟವನು. 1842ರಿಂದ ವಿಕ್ಟೋರಿಯಾ ರಾಣಿಯ ಪರಿವಾರಕ್ಕೆ ಬಲು ಮೆಚ್ಚಿನವನು. ರೇಶಿಮೆಯ ಹೊಳಪು, ಮುತ್ತಿನ ನೀರು, ಎಳೆಯ ಕೆನ್ನೆಯ ನುಣುಪು, ಇವನ್ನು ತೈಲವರ್ಣದಲ್ಲಿ ತರುವದರಲ್ಲಿ ಅವನ ಕೈ ಎತ್ತಿದ ಕೈ. ಒಡ್ಡೋಲಗದ ಚಿತ್ರಕಾರನು ಇದ್ದದ್ದನ್ನು ಮಾತ್ರ ಬರೆಯುವವನಲ್ಲ, ಪ್ರಭುವಿಗೆ ಇರಬೇಕೆಂದು ತೋರಿದ್ದನ್ನೂ ಬರೆಯುವವನು.

ಈ ಎರಡರ ಭೇದವನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಗುರುತಿಸಿದ್ದಾರೆ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡನಾಡಿನಲ್ಲಿಯೇ ಹುಟ್ಟಿದ ಗ್ರಂಥ. ಅದರಲ್ಲಿ ಚಿತ್ರಪ್ರಭೇದಗಳನ್ನು ಹೇಳುವಾಗ, ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ಮೂಲವನ್ನು ಹೋಲುವ ಚಿತ್ರವನ್ನು ‘ವಿದ್ಧ’ವೆಂದೂ, ಎದುರಿಗೆ ಮೂಲವಿಲ್ಲದೆ ಬರೆಯುವವನ ಕಲ್ಪನೆಯಿಂದಲೇ ಹೊಮ್ಮಿದ ಚಿತ್ರವನ್ನು ‘ಅವಿದ್ಧ’ವೆಂದೂ, ನೋಡಿದೊಡನೆ ಶೃಂಗಾರಾದಿ ರಸಗಳನ್ನು ತೋರುವದನ್ನು ‘ಭಾವಚಿತ್ರ’ವೆಂದೂ ವಿಂಗಡಿಸಲಾಗಿದೆ. ಇಂದು ಕನ್ನಡದಲ್ಲಿ ಭಾವಚಿತ್ರವೆಂಬ ಶಬ್ದವನ್ನು ವ್ಯಕ್ತಿಯ ಹೋಲಿಕೆಯ ಚಿತ್ರಕ್ಕೆಲ್ಲ ಬಳಸುತ್ತೇವೆ. ಸೋಮೇಶ್ವರನ ಪರಿಭಾಷೆಯಂತೆ ಅದಕ್ಕೆ ವಿದ್ಧಚಿತ್ರವೆಂಬುದೇ ಸರಿಯಾದ ಹೆಸರು. ರೂಢಿಯು ಶಾಸ್ತ್ರಕ್ಕಿಂತ ಬಲವತ್ತರವಾದ್ದರಿಂದ ಅದರ ಬಗ್ಗೆ ಜಗಳ ಬೇಡ. ಗೋಕಾಕದ ಚಿತ್ರಗಾರರು ಹಗುರವಾದ ಮರದಲ್ಲಿ ಕಡೆದು ಬಣ್ಣವಿಡುವ ದೇವತೆಗಳ ಮೂರ್ತಿಗಳನ್ನು ನೋಡಿದವರಿಗೆ ಅವಿದ್ಧವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ದೇವಿಯು ಬಂದು ಎದುರಿಗೆ ಕುಳಿತಿರುವದಿಲ್ಲ. ಕಣ್ಣು ಇಷ್ಟಗಲ, ಕಿರೀಟ ಇಷ್ಟೆತ್ತರ ಎಂಬ ಸಂಪ್ರದಾಯವೇ ಅಲ್ಲಿ ಮೂಲ.

ಗೌರಮ್ಮನ ಪಟಕ್ಕೆ ಈ ಲಕ್ಷಣಗಳನ್ನು ಹಚ್ಚಿ ನೋಡಿದರೆ, ಒಂದೇ ಪಟದಲ್ಲಿ ಎರಡೂ ಬೆರೆತಿರುವದು ಕಾಣುವದು. ಮುಖವು ವಿದ್ಧ. ಬಾಲಿಕೆಯು ಲಂಡನ್ನಿನಲ್ಲಿಯೇ ಇದ್ದಳು. ಚಿತ್ರಕಾರನು ಆಕೆಯನ್ನು ಕಂಡು ಬರೆದನು. ಆ ಮುಖವು ಕಲ್ಪಿತವೆನ್ನಲು ಕಾರಣವಿಲ್ಲ. ಆದರೆ ಪಟದ ಉಳಿದ ಯೋಜನೆಯು, ಅಂದರೆ ಯಾವ ಉಡುಗೆಯನ್ನು ಉಡಿಸಬೇಕು, ಎಷ್ಟು ಒಡವೆಯನ್ನು ತೊಡಿಸಬೇಕು, ಕೈಯಲ್ಲಿ ಏನನ್ನು ಕೊಡಬೇಕು ಎಂಬುದು, ಮಡಿಕೇರಿಯ ರೂಢಿಯಿಂದ ಬಂದದ್ದಲ್ಲ. ವಿಂಡ್ಸರಿನ ಇಷ್ಟದಿಂದ ಬಂದದ್ದು. ಕ್ರೈಸ್ತ ದೀಕ್ಷೆ ಪಡೆದು, ಆಂಗ್ಲ ದಂಪತಿಗಳ ಆರೈಕೆಯಲ್ಲಿ ಆಂಗ್ಲ ಬಾಲಿಕೆಯಂತೆಯೇ ಬೆಳೆಯಬೇಕಾಗಿದ್ದ ಹುಡುಗಿಯನ್ನು ಚಿತ್ರಕ್ಕೋಸುಗ ಭಾರತೀಯ ವೇಷದಲ್ಲಿಯೇ ನಿಲಿಸಿದ್ದೇಕೆ? ಕೈಯಲ್ಲಿರುವ ಪುಸ್ತಕವೇ ಇದಕ್ಕೆ ಉತ್ತರ. ಅದು ಬೈಬಲ್. ಆಂಗ್ಲ ಉಡುಗೆಯ ಹುಡುಗಿಯ ಕೈಯಲ್ಲಿ ಬೈಬಲ್ ಇದ್ದರೆ ಅದಕ್ಕೆ ವಿಶೇಷಾರ್ಥವೇನೂ ಬರಲಾರದು. ಮೈತುಂಬ ಒಡವೆಯಿಟ್ಟ ಭಾರತದ ರಾಜಕುಮಾರಿಯ ಕೈಯಲ್ಲಿದ್ದರೆ ಮಾತ್ರ ಅದು ದಿಗ್ವಿಜಯದ ವಾರ್ತೆಯಾಗುವದು. ಆಭರಣವು ‘ಈಕೆ ಎಲ್ಲಿಂದ ಬಂದಳು’ ಎಂಬುದನ್ನು ಹೇಳಬೇಕು, ಗ್ರಂಥವು ‘ಎಲ್ಲಿಗೆ ಬಂದಳು’ ಎಂಬುದನ್ನು ಹೇಳಬೇಕು. ಎರಡರಲ್ಲಿ ಒಂದನ್ನು ತೆಗೆದರೂ ಚಿತ್ರದ ವಾಕ್ಯವು ಅಪೂರ್ಣವಾಗುವದು.

ಇದು ಊಹೆಯ ಮಾತೆಂದು ಶಂಕಿಸುವವರು ಅದೇ ಚಿತ್ರಕಾರನ ಮತ್ತೊಂದು ಕೃತಿಯನ್ನು ನೋಡಬಹುದು. ಎರಡು ವರ್ಷಗಳ ಮೇಲೆ, 1854ರಲ್ಲಿ, ಅವನು ಪಂಜಾಬಿನ ಪದಚ್ಯುತ ಅರಸ ದುಲೀಪಸಿಂಗನ ಪೂರ್ಣಾಕೃತಿಯ ಪಟವನ್ನು ಬರೆದನು. ಅದು ಕೂಡ ಆಸ್ಬರ್ನಿನದೇ. ಆ ತರುಣನೂ ಕ್ರೈಸ್ತನಾಗಿದ್ದನು. ಅವನನ್ನೂ ಸಿಖ್ಖ ಅರಸರ ವೈಭವದ ವೇಷದಲ್ಲಿಯೇ ಬರೆಯಲಾಗಿದೆ. ಅವನ ಕೊರಳಲ್ಲಿ ರತ್ನಖಚಿತವಾದ ಚೌಕಟ್ಟಿನಲ್ಲಿ ವಿಕ್ಟೋರಿಯಾ ರಾಣಿಯ ಪುಟ್ಟ ಚಿತ್ರವು ತೂಗುತ್ತಿದೆ. ಇಲ್ಲಿ ಗ್ರಂಥ, ಅಲ್ಲಿ ರಾಣಿಯ ಮುದ್ರೆ: ಯುಕ್ತಿ ಒಂದೇ. ಚಿತ್ರದಲ್ಲಿ ಒಂದು ಸಣ್ಣ ವಸ್ತುವಿನಿಂದ ರಾಜಕಾರ್ಯವನ್ನು ಸಾಧಿಸುವ ಈ ಪದ್ಧತಿಗೆ ಕನ್ನಡನಾಡಿನಲ್ಲಿಯೇ ಮತ್ತೊಂದು ಉದಾಹರಣೆಯುಂಟು. 1805ರ ಸುಮಾರಿಗೆ ಥಾಮಸ್ ಹಿಕಿಯು ಬರೆದ ಮೂವರು ಸ್ತ್ರೀಯರ ಪಟವನ್ನು ಇತಿಹಾಸಜ್ಞ ನೈಜೆಲ್ ಚಾನ್ಸೆಲರನು ಮೈಸೂರ ಅರಮನೆಯ ರಾಣಿಯರದೆಂದು ಗುರುತಿಸಿ, ಅವರಲ್ಲಿ ಒಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವದು ಸಿಡುಬಿನ ಹೊಸ ಚುಚ್ಚುಮದ್ದಿನ ಪ್ರಚಾರಕ್ಕಾಗಿ ಎಂದು ಅಭಿಪ್ರಾಯಪಟ್ಟಿದ್ದಾನೆ. ಆ ಮತವು ಸರಿಯಾದಲ್ಲಿ ಆ ಪಟದ ಉದ್ದೇಶವು ಲೋಕಹಿತವಾಯಿತೆನ್ನಬೇಕು. ಹೇಗೂ ಸೆರಗಿನ ಆ ಮಡಿಕೆಯನ್ನು ಮೈಸೂರಿನ ಸೀರೆಯ ರೂಢಿಗೆ ಆಧಾರವೆಂದು ಹಿಡಿದವನು ಮೋಸಹೋಗುವನು.

ಚಿತ್ರದಲ್ಲಿ ಇರುವದರ ವಿಚಾರ ಇದಾಯಿತು. ಇಲ್ಲದ್ದರ ವಿಚಾರವೂ ಅಷ್ಟೇ ಅಗತ್ಯವಾದದ್ದು. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಪಟವನ್ನು ಮುಂದಿಟ್ಟುಕೊಂಡು, ಇದರಲ್ಲಿ ಇನ್ನೂ ಏನೇನು ಬರೆಯಬೇಕಾಗಿದೆಯೆಂದು ಎಣಿಸುತ್ತಾನೆ: ಕಿವಿಯಲ್ಲಿ ಇಟ್ಟ ಶಿರೀಷದ ಹೂವಿಲ್ಲ, ಎದೆಯ ಮೇಲೆ ತಾವರೆಯ ನೂಲಿನ ಹಾರವಿಲ್ಲ, ಹಂಸಗಳು ಕುಳಿತ ಮಾಲಿನಿಯ ಮರಳದಿಣ್ಣೆಯಿಲ್ಲ. ಪ್ರೀತಿಸಿದವನಿಗೆ ಪಟದ ಕೊರತೆಯೇ ಮೊದಲು ಕಣ್ಣಿಗೆ ಬೀಳುವದು. ಸಂಶೋಧಕನಿಗೂ ಈ ದೃಷ್ಟಿ ಉಪಯುಕ್ತವಾದದ್ದೇ.

ವೀರಶೈವ ಸಂಪ್ರದಾಯದಲ್ಲಿ ಕರಸ್ಥಲವೆಂಬುದು ಇಷ್ಟಲಿಂಗದ ಪೂಜಾಪೀಠ. ಅಂಗೈಯಲ್ಲಿ ಲಿಂಗವನ್ನಿಟ್ಟು ಅದರಲ್ಲಿ ದೃಷ್ಟಿಯನ್ನು ನೆಲೆಗೊಳಿಸುವದು ಆ ಮತದ ನಿತ್ಯಕರ್ಮ. ಹಾಲೇರಿಯ ಅರಸರು ಈ ಸಂಪ್ರದಾಯದವರು. ಮಡಿಕೇರಿಯಲ್ಲಿ ದೊಡ್ಡವೀರರಾಜೇಂದ್ರ ಲಿಂಗರಾಜೇಂದ್ರರ ಗದ್ದಿಗೆಗಳು ಇಂದಿಗೂ ನಿಂತಿವೆ. ಅಂಥ ಮನೆಯ ಮಗಳ ಕೈಯನ್ನು ಬರೆಯುವಾಗ ಅದರಲ್ಲಿ ಬೇರೊಂದು ಮತದ ಗ್ರಂಥವನ್ನು ಇರಿಸಿದುದು ಚಿತ್ರಕಾರನಿಗೆ ತಿಳಿದೋ ತಿಳಿಯದೆಯೋ ನಡೆದ ಅತ್ಯಂತ ನಿರ್ದಿಷ್ಟವಾದ ಪಲ್ಲಟ. ಯುರೋಪಿನ ಪ್ರೇಕ್ಷಕನಿಗೆ ಅದು ‘ಪುಸ್ತಕ ಹಿಡಿದ ಹುಡುಗಿ’ ಮಾತ್ರ. ಕರಸ್ಥಲವೆಂಬ ಶಬ್ದವನ್ನು ಬಲ್ಲ ಕನ್ನಡಿಗನಿಗೆ ಅದು ಹಾಗೆ ಕಾಣಲಾರದು. ಈ ಅರ್ಥವನ್ನು ಹೊರಗಿನ ವಿದ್ವಾಂಸರು ಹೇಳುವರೆಂದು ಕಾಯುವದು ವ್ಯರ್ಥ. ಅದನ್ನು ಕನ್ನಡದವರೇ ಹೇಳಬೇಕು.

ಹೆಸರಿನ ವಿಷಯವೂ ಹೀಗೆಯೇ. ವಿಕ್ಟೋರಿಯಾ ಎಂಬುದು ವಿಜಯದೇವತೆಯ ಲ್ಯಾಟಿನ್ ಹೆಸರು. ಗೌರಿಯು ನಮ್ಮಲ್ಲಿ ತವರಿಗೆ ಬರುವ ದೇವತೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಕಾರ್ತಿಕದ ಗೌರಿಹುಣ್ಣಿವೆ ಬಂತೆಂದರೆ ಹತ್ತು ಹನ್ನೊಂದು ವರ್ಷದ ಹುಡುಗಿಯರು ಹೊಸ ಲಂಗವುಟ್ಟು, ಸಕ್ಕರೆಯ ಬೊಂಬೆಗಳನ್ನು ಆರತಿಯ ತಟ್ಟೆಯಲ್ಲಿಟ್ಟುಕೊಂಡು, ಹಾಡುತ್ತ ಗೌರಿಯ ಬಳಿಗೆ ಹೋಗುತ್ತಾರೆ. ಪಟದಲ್ಲಿರುವ ಗೌರಮ್ಮನ ವಯಸ್ಸು ಸರಿಯಾಗಿ ಅದೇ. ‘ವಿಕ್ಟೋರಿಯಾ ಗೌರಮ್ಮ’ ಎಂಬ ಜೋಡುಹೆಸರಿನಲ್ಲಿ ತವರಿನ ಗೌರಿಯನ್ನು ಅಳಿಸದೆ ಅದರ ಮುಂದೆ ವಿಜಯವನ್ನು ತಂದು ನಿಲಿಸಿದ್ದಾರೆ. ಉಡುಗೆಯನ್ನು ಉಳಿಸಿ ಕೈಯಲ್ಲಿ ಗ್ರಂಥವಿಟ್ಟ ಚಿತ್ರದ ಯೋಜನೆಯೂ ಹೆಸರಿನ ಯೋಜನೆಯೂ ಒಂದೇ ಮನಸ್ಸಿನಿಂದ ಹುಟ್ಟಿದವು.

ಹಾಗೆಂದು ರಾಣಿಗೆ ಬಾಲಿಕೆಯ ಮೇಲೆ ಮಮತೆಯಿರಲಿಲ್ಲವೆನ್ನುವದು ಅನ್ಯಾಯವಾದೀತು. ಮಮತೆಯಿತ್ತು; ಪಟದ ಜೊತೆಗೆ ಶಿಲ್ಪಿ ಮಾರೊಚೆಟ್ಟಿಯಿಂದ ಆಕೆಯ ಅಮೃತಶಿಲೆಯ ಎದೆಮಟ್ಟದ ಪ್ರತಿಮೆಯೂ ಆಯಿತು. ಆ ಪ್ರತಿಮೆಗೆ ಬಣ್ಣ ಹಚ್ಚಿದ್ದಾರೆಂಬುದು ಗಮನಾರ್ಹ. ಬಿಳಿಯ ಕಲ್ಲನ್ನು ಬಿಳಿಯಾಗಿಯೇ ಬಿಡುವದು ಆ ಕಾಲದ ಯುರೋಪಿನ ಶಿಲ್ಪಿಗಳ ಸಾಮಾನ್ಯ ಮರ್ಯಾದೆ. ಈ ಬಾಲಿಕೆಯ ವಿಷಯದಲ್ಲಿ ಮೈಬಣ್ಣವೂ ಕಾಣಲೇಬೇಕೆಂದಾಯಿತು. ದುಲೀಪಸಿಂಗನ ಪ್ರತಿಮೆಯ ಗತಿಯೂ ಅದೇ. ಇವರಿಬ್ಬರಿಗೂ ಮದುವೆ ಮಾಡಿಸಿ, ಕ್ರೈಸ್ತರಾದ ಭಾರತೀಯ ರಾಜದಂಪತಿಗಳನ್ನು ಲೋಕದ ಮುಂದೆ ನಿಲಿಸಬೇಕೆಂದು ರಾಣಿಗೆ ಆಸೆಯಿತ್ತು. ದುಲೀಪಸಿಂಗನು ಒಪ್ಪಲಿಲ್ಲ. ಆಕೆಯ ಪಾಲಕರು ಬದಲಾದರು. ತಂದೆಯೊಡನೆ ಭೇಟಿಗಳು ಮಿತವಾದವು. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲನನ್ನು ಆಕೆ ಮದುವೆಯಾದಳು. ಮರುವರುಷ ಈಡಿತಳೆಂಬ ಮಗಳು ಹುಟ್ಟಿದಳು. 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಸಮಾಧಿಯು ಲಂಡನ್ನಿನ ಬ್ರಾಂಪ್ಟನ್ ರುದ್ರಭೂಮಿಯಲ್ಲಿದೆ. ಪಟದಲ್ಲಿಯ ಒಡವೆಗಳ ಬಾಲಿಕೆಗೆ ಅದರ ಮೇಲೆ ಇದ್ದ ಆಯುಷ್ಯವು ಹನ್ನೆರಡು ವರ್ಷ.

ಬೆಳಗಾವಿಯ ಸೀಮೆಯ ಓದುಗನಿಗೆ ಇಲ್ಲಿ ಕಿತ್ತೂರಿನ ನೆನಪಾಗದೆ ಇರದು. ಕೊಡಗಿಗಿಂತ ಹತ್ತು ವರ್ಷ ಮೊದಲು, 1824ರಲ್ಲಿ, ಕಿತ್ತೂರಿನ ವೀರಶೈವ ದೇಸಗತಿಯ ಮೇಲೆ ಕಂಪನಿಯ ಕೈ ಬಿದ್ದಿತು. ಅಕ್ಟೋಬರ 23ರ ಕಾಳಗದಲ್ಲಿ ಥ್ಯಾಕರೆ ಸತ್ತನು. ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಚೆನ್ನಮ್ಮನನ್ನು ಚಿತ್ರಿಸಲು ಯಾವ ಒಡ್ಡೋಲಗದ ಚಿತ್ರಕಾರನೂ ನೇಮಕವಾಗಲಿಲ್ಲ. ಆಕೆಯ ರೂಪವನ್ನು ಉಳಿಸಿದವರು ಲಾವಣಿಕಾರರು. ಹಲಗೆಯ ಬಡಿತಕ್ಕೆ ಕುದುರೆಯೇರಿ ಬರುವ ಚೆನ್ನಮ್ಮನನ್ನು ಈ ಸೀಮೆಯ ಹಳ್ಳಿಗಳು ತಲೆಮಾರುಗಟ್ಟಲೆ ಕಿವಿಯಿಂದಲೇ ಕಂಡವು. ತರುವಾಯದ ಪಟಗಳೂ, 2007ರಲ್ಲಿ ಸಂಸತ್ತಿನ ಆವರಣದಲ್ಲಿ ಸ್ಥಾಪಿತವಾದ ಪ್ರತಿಮೆಯೂ ಆ ಹಾಡುಗಳ ಸಂತಾನವೇ. ಸೋಮೇಶ್ವರನ ಮಾತಿನಲ್ಲಿ ಅವು ಅವಿದ್ಧ. ಆದರೆ ಆ ರೂಪವನ್ನು ಕಲ್ಪಿಸಿದವರು ಆಕೆಯ ಜನರು. ಗೌರಮ್ಮನ ಪಟದಲ್ಲಿ ಮುಖವು ನಿಜವಾದ್ದು, ರೂಪಕಲ್ಪನೆಯು ಅನ್ಯರದು. ಇವೆರಡರಲ್ಲಿ ಯಾವದು ಹೆಚ್ಚು ಸತ್ಯವೆಂದು ಕೇಳಿದರೆ, ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆಯೆಂದು ಮೊದಲು ತಿಳಿಯಬೇಕಾಗುವದು.

ಆದ್ದರಿಂದ ಕೊಡಗಿನ ರಾಜಸ್ತ್ರೀಯರ ಉಡುಗೆಯನ್ನು ನಿರ್ಣಯಿಸಲಿಕ್ಕೆ ಈ ಪಟವನ್ನು ಸಾಕ್ಷಿಗೆ ಕರೆಯತಕ್ಕದ್ದಲ್ಲ. ಕೊಡವತಿಯರು ಸೀರೆಯ ನೆರಿಗೆಯನ್ನು ಬೆನ್ನಿಗೆ ತಿರುಗಿಸಿ ಉಡುವ ಪ್ರಸಿದ್ಧವಾದ ರೀತಿಯನ್ನು ಇದರಲ್ಲಿ ಹುಡುಕುವದೂ, ಅದು ಕಾಣದಿದ್ದರೆ ವಿಸ್ಮಯಪಡುವದೂ ಎರಡೂ ಅಸ್ಥಾನಪ್ರಯತ್ನ. ಕಾಶಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಚಿತ್ರಿತಳಾದವಳ ವೇಷವು ಕಾಶಿ ಲಂಡನ್ನುಗಳ ಸಾಕ್ಷ್ಯವನ್ನು ನುಡಿಯಬಲ್ಲುದು. 1852ರ ಆಂಗ್ಲ ರಾಜಗೃಹವು ತಾನು ಗೆದ್ದ ನಾಡಿನ ಮಗುವನ್ನು ಹೇಗೆ ನೋಡಬಯಸಿತೆಂಬುದಕ್ಕೆ ಮಾತ್ರ ಇದಕ್ಕಿಂತ ಉತ್ತಮವಾದ ಸಾಕ್ಷಿಯು ದೊರೆಯುವದು ಕಷ್ಟ. ಮೊಗ್ಲಿಂಗನ ಕೊಡಗಿನ ವೃತ್ತಾಂತವು (1855) ಅರಸನನ್ನು ಕುರಿತು ಗೆದ್ದ ಪಕ್ಷದ ದೃಷ್ಟಿಯನ್ನು ತೋರಿಸುವಂತೆ, ವಿಂಟರ್‌ಹಾಲ್ಟರನ ಪಟವು ಅರಸನ ಮಗಳನ್ನು ಕುರಿತು ಅದೇ ಪಕ್ಷದ ವಾತ್ಸಲ್ಯವನ್ನು ತೋರಿಸುವದು. ‘ರಾಜೇಂದ್ರನಾಮೆ’ಯನ್ನು ಇವೆರಡರ ಮಗ್ಗುಲಿಗಿಟ್ಟು ಓದಿಸಿದರೆ, ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಮನೆತನವು ಎರಡೇ ತಲೆಮಾರುಗಳಲ್ಲಿ ಅನ್ಯರ ಕುಂಚಕ್ಕೆ ವಸ್ತುವಾದ ಬಗೆಯು ವಿದ್ಯಾರ್ಥಿಗಳಿಗೆ ಸ್ಪಷ್ಟವಾದೀತು.

ಆಸ್ಬರ್ನಿನಲ್ಲಿ 1890ರ ಸುಮಾರಿಗೆ ಭಾಯಿ ರಾಮಸಿಂಗನ ಕೈಯಿಂದ ‘ದರ್ಬಾರ ಕೋಣೆ’ಯು ಸಿದ್ಧವಾಯಿತು. ಅದಕ್ಕೆ ಹೋಗುವ ಓಣಿಯಂತಹ ಪಡಸಾಲೆಯಲ್ಲಿ, ರಾಣಿಯು 1886ರಲ್ಲಿ ಭಾರತಕ್ಕೆ ಕಳುಹಿಸಿದ ರುಡಾಲ್ಫ್ ಸ್ವೊಬೊಡನು ಬರೆದ ಸಿಪಾಯಿ, ಕಸುಬುದಾರ, ಹಳ್ಳಿಗರ ಮುಖಗಳು ಸಾಲಾಗಿ ತೂಗುತ್ತವೆ. ಕೊಡಗಿನ ಕುಮಾರಿಯ ಪಟಕ್ಕೆ ಆ ಮನೆಯಲ್ಲಿ ದೊರೆತ ನೆರೆಹೊರೆಯು ಇದು. ಕನ್ನಡ ಪುಸ್ತಕಗಳಲ್ಲಿ ಈ ಪಟವನ್ನು ಅಚ್ಚುಹಾಕುವಾಗ ಕೆಳಗೆ ‘ಕೊಡಗಿನ ರಾಣಿ ಗೌರಮ್ಮ’ ಎಂದು ಬರೆಯದೆ, ‘ಕೊಡಗಿನ ಕಡೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ (1841–1864), ಕ್ರೈಸ್ತದೀಕ್ಷೆಯ ವರ್ಷದಲ್ಲಿ, ವಿಕ್ಟೋರಿಯಾ ರಾಣಿಯ ಅಪ್ಪಣೆಯ ಮೇರೆಗೆ ವಿಂಟರ್‌ಹಾಲ್ಟರನು ಲಂಡನ್ನಿನಲ್ಲಿ ಬರೆದದ್ದು, 1852, ಆಸ್ಬರ್ನ್ ಅರಮನೆಯ ಸಂಗ್ರಹ’ ಎಂದು ಪೂರ್ತಿಯಾಗಿ ಬರೆಯತಕ್ಕದ್ದು. ಸಾಲು ಉದ್ದವಾಯಿತೆಂದು ಮುದ್ರಕರು ಆಕ್ಷೇಪಿಸಿದರೆ, ಚಿತ್ರವನ್ನು ಕೊಂಚ ಚಿಕ್ಕದು ಮಾಡಬಹುದು.